ಉಪ್ಪು ಹಾಕದ ಈಲಿ

ಸಾವಿನ ಸುದ್ದಿಯನ್ನು ಮೊದಲೇ ಹೇಳಿ ಮುಗಿಸಿಬಿಡುತ್ತೇನೆ. ನಮ್ಮನೆಯವರು ಮಗಳ ಮದುವೆಯಾದ ಮೇಲೆ ಮೂರನೆಯ ಚಳಿಗಾಲದಲ್ಲಿ ರಕ್ತ ಕಾರಿಕೊಂಡು ಹೋದರು. ಹಿಮ ಬಿದ್ದು ದಾರಿ ಮುಚ್ಚಿತ್ತು, ಆಸ್ಪತ್ರೆ ಮುಟ್ಟಲಾಗಲಿಲ್ಲ, ತಲೆ ನನ್ನ ತೊಡೆಯ ಮೇಲಿತ್ತು. ಅಷ್ಟೇ. ಈಗಲೂ ಅವರ ಮಾತು ಬಂದರೆ ಜನ ಆ ಕೊನೆಯನ್ನೇ ಹಿಡಿದುಕೊಂಡು ಲೊಚಗುಟ್ಟುತ್ತಾರೆ, "ಪಾಪ, ಎಷ್ಟು ನರಳಿದ" ಅಂತ. ಆ ಪಾಪ ನನಗೆ ಬೇಡ. ಕಾಯಿಲೆ ಬಂದ ಮೇಲೂ ಅವರು ವರ್ಷಗಟ್ಟಲೆ ಬದುಕಿದರು. ಬದುಕಿದ್ದನ್ನು ಹೇಳುವವರು ಯಾರೂ ಇಲ್ಲದಿದ್ದರೆ ನಾನೇ ಹೇಳುತ್ತೇನೆ.

ಹೆಸರು ಜುಮಾಕದಿರ್. ನಮ್ಮಲ್ಲಿ ಹೆಂಡತಿಯಾದವಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಬರೆಯಬಾರದು ಅಂತ ಮಾತ್ರ ಯಾರೂ ಹೇಳಿಲ್ಲ, ಅದಕ್ಕೇ ಬರೆದೆ. ಅತ್-ಬಾಶಿ ಕಣಿವೆಯಲ್ಲಿ ಕುದುರೆ ಮಂದೆ ಕಾಯುತ್ತಿದ್ದರು. ಗಿಡ್ಡ ಆಳು, ಅಗಲ ಭುಜ, ಮಾತು ಕಮ್ಮಿ. ಕುದುರೆಗಳ ಜೊತೆ ಆಡುವಷ್ಟು ಮಾತನ್ನು ನನ್ನ ಜೊತೆ ಆಡಿದ್ದರೆ ನಾನು ದೊಡ್ಡ ಪಂಡಿತೆಯಾಗುತ್ತಿದ್ದೆ. ಆದರೆ ಊರಿನಲ್ಲಿ ಯಾವ ಮನೆಯಲ್ಲಿ ಊಟವಾದರೂ ಅವರಿಗೇ ಕರೆ ಬರುತ್ತಿತ್ತು, ಮೂಳೆ ಹಂಚುವುದಕ್ಕೆ.

ಕುರಿ ಕಡಿದು ಬೇಯಿಸಿದ ಮೇಲೆ ಅದನ್ನು ಹೇಗೆಂದರೆ ಹಾಗೆ ಬಡಿಸಿದರೆ ಊಟವಾಗುವುದಿಲ್ಲ, ಜಗಳವಾಗುತ್ತದೆ. ಸೊಂಟದ ಮೂಳೆ ಎಲ್ಲರಿಗಿಂತ ಹಿರಿಯ ಗಂಡಸಿಗೆ. ಬೆನ್ನಿನ ಬುಡದ ತುಂಡು ಹಿರಿಯ ಹೆಂಗಸಿಗೆ. ತೊಡೆ ಅವರ ಕೆಳಗಿನವರಿಗೆ, ನಲ್ಲಿ ಮೂಳೆ ಇನ್ನೂ ಕಿರಿಯರಿಗೆ, ಎದೆ ಮಾಂಸ ಸೊಸೆಯಂದಿರಿಗೆ, ಅಳಿಯಂದಿರಿಗೆ. ಹೀಗೆ ಒಬ್ಬೊಬ್ಬರಿಗೆ ಸಲ್ಲುವ ಮೂಳೆಗೆ ಉಸ್ತುಕಾನ್ ಅನ್ನುತ್ತೇವೆ. ಒಂದು ಮೂಳೆ ಆಚೀಚೆಯಾದರೆ ಎರಡು ತಲೆಮಾರು ಮಾತು ಬಿಟ್ಟ ಮನೆಗಳು ನಮ್ಮ ಊರಲ್ಲಿವೆ. ನಮ್ಮನೆಯವರು ಕೂತ ಜನರನ್ನು ಒಂದು ಸಲ ನೋಡಿದರೆ ಸಾಕು, ಯಾರು ಯಾರಿಗಿಂತ ದೊಡ್ಡವರು, ಯಾರು ಯಾರಿಗೆ ಏನಾಗಬೇಕು, ಎಲ್ಲ ತಲೆಯೊಳಗೆ ಸಾಲಾಗಿ ನಿಲ್ಲುತ್ತಿತ್ತು. ಕತ್ತಿ ಹಿಡಿದರೆ ಯಾರೂ ತುಟಿ ಬಿಚ್ಚುತ್ತಿರಲಿಲ್ಲ.

ಕಾಯಿಲೆ ಮೊದಲು ಕಣ್ಣಿಗೆ ಬಂತು. ಕಣ್ಣಿನ ಬಿಳಿ ಹಳದಿಯಾಯಿತು. ಆಮೇಲೆ ತುರಿಕೆ. ಕುದುರೆ ಮೈ ಉಜ್ಜುವ ಬ್ರಷ್ ತಂದು ಬೆನ್ನು ಕೆರೆದುಕೊಳ್ಳುತ್ತಿದ್ದರು. ನಮ್ಮ ವಾರಗಿತ್ತಿ, ಅಂದರೆ ದೊಡ್ಡ ಭಾವನ ಹೆಂಡತಿ, ಬೋಗುಣಿಯಲ್ಲಿ ಜೀವಂತ ಮೀನು ಹಾಕಿಕೊಂಡು ಬಂದಳು. "ಇದನ್ನೇ ನೋಡ್ತಾ ಕೂತ್ಕೊಳ್ಳಿ ಮೈದುನಾ, ಹಳದಿಯೆಲ್ಲ ಮೀನು ಎಳ್ಕೊಳುತ್ತೆ." ಅವರು ನೋಡುತ್ತ ಕೂತರು. ಸಂಜೆ ಹೊತ್ತಿಗೆ ಮೀನು ಸತ್ತಿತು. "ಎಳ್ಕೊಂಡಿದೆಯಾ ನೋಡು, ಇಲ್ಲಾಂದ್ರೆ ಹುರಿ" ಅಂದರು.

ನರೀನ್ ಪಟ್ಟಣದ ಆಸ್ಪತ್ರೆಯಲ್ಲಿ ಬುರುಲ್ ಅಂತ ಡಾಕ್ಟರು, ನಮ್ಮ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಲಿವರ್ ಗಟ್ಟಿಯಾಗಿದೆ ಅಂದಳು. ಕುರಿಯಲ್ಲಾದರೆ ಈಲಿ ಅನ್ನುತ್ತೇವಲ್ಲ, ಅದು. ರಕ್ತದಲ್ಲಿ ಕಣ್ಣಿಗೆ ಕಾಣದ ಹುಳ ಸೇರಿಕೊಂಡು ಒಳಗೊಳಗೇ ಎಷ್ಟೋ ವರ್ಷದಿಂದ ತಿನ್ನುತ್ತಿತ್ತಂತೆ. ಹಳೇ ಕಾಲದಲ್ಲಿ ಒಂದೇ ಸೂಜಿಯಲ್ಲಿ ಊರಿಗೆಲ್ಲ ಚುಚ್ಚುತ್ತಿದ್ದರು, ಹಾಗೆ ಬಂದಿರಬಹುದು, ಹೇಗೋ ಬಂದಿರಬಹುದು, ಈಗ ಹುಡುಕಿ ಫಲವಿಲ್ಲ ಅಂದಳು. ನನ್ನ ರಕ್ತ, ಮಗಳ ರಕ್ತ ಎರಡನ್ನೂ ನೋಡಿದಳು. ನಮಗಿರಲಿಲ್ಲ. ನಮಗಿಬ್ಬರಿಗೂ ಲಸಿಕೆ ಚುಚ್ಚಿದಳು. "ಒಂದೇ ಬಟ್ಟಲಲ್ಲಿ ಉಂಡ್ರೆ ಬರಲ್ಲ, ಪಕ್ಕ ಕೂತ್ರೆ ಬರಲ್ಲ. ಅವರ ಬ್ಲೇಡು ಮಾತ್ರ ಯಾರೂ ಮುಟ್ಟಬೇಡಿ" ಅಂದಳು.

ಆಮೇಲೆ ಒಂದೊಂದಾಗಿ ಬಂತು. ಹೊಟ್ಟೆಯಲ್ಲಿ ನೀರು ತುಂಬಿ ಗಬ್ಬದ ಕುದುರೆಯ ಹಾಗಾದರು. ಸೂಜಿ ಹಾಕಿ ನೀರು ಇಳಿಸಿದಾಗ ಬಕೆಟ್ ತುಂಬಿತು. ಗಂಟಲ ಕೆಳಗಿನ ನರಗಳು ಊದಿವೆ, ಒಡೆದರೆ ರಕ್ತ ಬರುತ್ತದೆ ಅಂತ ರಾಜಧಾನಿಗೆ ಕಳಿಸಿ, ಬಾಯಿಂದ ಕೊಳವೆ ಬಿಟ್ಟು, ಟಗರಿನ ಬೀಜಕ್ಕೆ ರಬ್ಬರ್ ಬಿಗಿಯುವ ಹಾಗೆ ಆ ನರಗಳಿಗೆ ಬಿಗಿದರು. ನಮ್ಮನೆಯವರಿಗೆ ಆ ಹೋಲಿಕೆ ಬಹಳ ಹಿಡಿಸಿತು. ಕೇಳಿದವರಿಗೆಲ್ಲ ಹೇಳುತ್ತಿದ್ದರು.

ಎಲ್ಲಕ್ಕಿಂತ ದೊಡ್ಡ ಕಷ್ಟ ಉಪ್ಪಿನದು. ನಮ್ಮ ಕಣಿವೆಯಲ್ಲಿ ಚಹಾಕ್ಕೂ ಉಪ್ಪೇ ಹಾಕುವುದು. ಡಾಕ್ಟರು ಉಪ್ಪು ಪೂರಾ ಬಿಡಿ ಅಂದಳು. ಅವರೊಬ್ಬರಿಗೆ ಸಪ್ಪೆ ಹಾಕಿ ನಾವು ಉಪ್ಪಿನದು ಕುಡಿದರೆ ಅದೆಂಥ ಸಂಸಾರ? ನಾನು ಉಪ್ಪಿನ ಡಬ್ಬಿಯನ್ನೇ ಮನೆಯಿಂದ ಆಚೆ ಹಾಕಿದೆ. ಬಂದವರು ಒಂದು ಗುಟುಕು ಕುಡಿದು ಮುಖ ಕಿವುಚುತ್ತಿದ್ದರು.

"ಅನಿಪಾ, ಚಹಾದಲ್ಲಿ ಉಪ್ಪಿಲ್ಲ."

"ಇಲ್ಲ. ಬೇಕಾದವರು ಜೇಬಲ್ಲಿ ಹಾಕ್ಕೊಂಡು ಬನ್ನಿ."

ಕೆಲವರು ನಿಜವಾಗಿಯೂ ತಂದರು. ಕೆಲವರು ಬರುವುದನ್ನೇ ಬಿಟ್ಟರು. ಅವರು ಬಿಟ್ಟದ್ದು ಉಪ್ಪಿಗಲ್ಲ, ಬಟ್ಟಲಿಗೆ. ನಮ್ಮನೆಯವರು ಕುಡಿದ ಬಟ್ಟಲು ಎಲ್ಲಿ ತಮ್ಮ ಕೈಗೆ ಬರುತ್ತದೋ ಅಂತ. ಅದಕ್ಕೆ ನಾನು ಏನು ಮಾಡುತ್ತಿದ್ದೆ ಅಂದರೆ, ಯಾರಾದರೂ ಬಂದು ಕೂತಾಗ ನಮ್ಮನೆಯವರು ಕುಡಿದು ಬಿಟ್ಟ ಬಟ್ಟಲಿಗೇ ನನ್ನ ಚಹಾ ಬಗ್ಗಿಸಿಕೊಂಡು, ಬಂದವರ ಕಣ್ಣೆದುರಿಗೇ ಕುಡಿಯುತ್ತಿದ್ದೆ. ನಿಧಾನವಾಗಿ ಕುಡಿಯುತ್ತಿದ್ದೆ.

ಇಷ್ಟೆಲ್ಲ ಆದರೂ ಕತ್ತಿ ಅವರ ಕೈಲೇ ಇತ್ತು. ಹೋದದ್ದು ದೊಡ್ಡ ಭಾವನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕಿದ ಊಟದಲ್ಲಿ.

ಆ ದಿನ ಬೆಳಿಗ್ಗೆಯಿಂದ ಅವರು ಸರಿಯಿರಲಿಲ್ಲ. ಹಗಲೆಲ್ಲ ನಿದ್ದೆ, ಎಬ್ಬಿಸಿದರೆ ಸಿಡುಕು. ಕೋಟಿನ ಗುಂಡಿ ಹಾಕಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ಸುಸ್ತು ಅಂದುಕೊಂಡೆ. ಊಟಕ್ಕೆ ಕೂತರು, ಎದುರಿಗೆ ಮಾಂಸದ ತಟ್ಟೆ ಬಂತು, ಕತ್ತಿ ಎತ್ತಿಕೊಂಡರು. ಸೊಂಟದ ಮೂಳೆಯನ್ನು ತೆಗೆದು, ಬಾಗಿಲ ಹತ್ತಿರ ಚಹಾ ಬಗ್ಗಿಸುತ್ತ ಕೂತಿದ್ದ ಹೊಸ ಸೊಸೆಯ ಮುಂದಿಟ್ಟರು. ಆ ಹುಡುಗಿಗೆ ಜೀವವೇ ಹೋದಂತಾಯಿತು. ಎದೆ ಮಾಂಸ ತೆಗೆದು, ಊರಿಗೆಲ್ಲ ಹಿರಿಯರಾದ ಬೆರ್ದಿಕುಲ್ ಅಜ್ಜನ ಮುಂದಿಟ್ಟರು.

ಬೆರ್ದಿಕುಲ್ ಅಜ್ಜ ತನ್ನ ಮುಂದಿನ ಎದೆ ಮಾಂಸ ನೋಡಿದರು, ನಮ್ಮನೆಯವರ ಮುಖ ನೋಡಿದರು.

"ನಾನು ಯಾವ ಮನೆಗೆ ಸೊಸೆಯಾಗಿ ಬಂದೆ ಮಗಾ?"

ಯಾರೋ ನಕ್ಕರು. ನಮ್ಮನೆಯವರೂ ನಕ್ಕರು, ಆದರೆ ಯಾಕೆ ಅಂತ ಅವರಿಗೆ ಗೊತ್ತಿರಲಿಲ್ಲ. ಆ ನಗು ನೋಡಿದಾಗಲೇ ಇದು ಸುಸ್ತಲ್ಲ ಅಂತ ನನಗೆ ಗೊತ್ತಾಯಿತು. ದೊಡ್ಡ ಭಾವ ಎದ್ದು ಬಂದು ಅವರ ಕೈಯಿಂದ ಕತ್ತಿ ಕಿತ್ತುಕೊಂಡರು. "ಕುಡಿದು ಬಂದಿದಾನೆ. ಹೊರಗೆ ಕರ್ಕೊಂಡು ಹೋಗು" ಅಂದರು ನನಗೆ.

"ಅವರು ಕುಡಿಯಲ್ಲ ಭಾವ. ನಿಮಗೇ ಗೊತ್ತು."

"ಹಂಗಾದ್ರೆ ಹುಚ್ಚು ಹಿಡಿದಿದೆ ಅಂತ ಹೇಳ್ಲಾ? ಯಾವುದು ವಾಸಿ, ನೀನೇ ಆರಿಸ್ಕೋ."

ನಾನು ಎರಡನ್ನೂ ಆರಿಸಲಿಲ್ಲ. ಕೈ ಹಿಡಿದು ಎಬ್ಬಿಸಿಕೊಂಡು ಹೋದೆ. ಹೊರಗೆ ಕುದುರೆಗೆ ಜೀನು ಹಿಂದುಮುಂದಾಗಿ ಕಟ್ಟಲು ಹೋದರು. ಹುಟ್ಟಿದಾಗಿನಿಂದ ಕುದುರೆಯ ಮೇಲಿದ್ದ ಮನುಷ್ಯ.

ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರು ನೋಡಿದವಳೇ ಕೈಗಳನ್ನು ಮುಂದಕ್ಕೆ ಚಾಚಿಸಿದಳು. ಅಂಗೈಗಳು ಹಕ್ಕಿ ರೆಕ್ಕೆ ಬಡಿದ ಹಾಗೆ ಬಡಿದುಕೊಂಡವು. ಕೆಟ್ಟ ಲಿವರ್ ಹೊಲಸನ್ನು ತೆಗೆಯಲಾರದೆ ಅದು ತಲೆಗೆ ಏರಿದೆ ಅಂದಳು. "ಕಕ್ಕಸಿಗೆ ಹೋಗಿ ಎಷ್ಟು ದಿನ ಆಯ್ತು?" ಅಂತ ಕೇಳಿದಳು. ನನಗೆ ಸಿಟ್ಟು ಬಂತು. ಮನುಷ್ಯನ ಬುದ್ಧಿ ಹೋಗಿದೆ ಅಂತ ಬಂದರೆ ಇವಳು ಕಕ್ಕಸಿನ ಮಾತಾಡುತ್ತಾಳಲ್ಲ. ಆದರೆ ಅದೇ ಮಾತು ಸರಿಯಿತ್ತು. ಹೊಟ್ಟೆ ಕಟ್ಟಿದರೆ ವಿಷ ಒಳಗೇ ಉಳಿಯುತ್ತದೆ, ತಲೆಗೆ ಹೋಗುತ್ತದೆ. ಸಿಹಿಯಾದ ಒಂದು ಸಿರಪ್ ಕೊಟ್ಟಳು. ದಿನಾ ಎರಡು ಮೂರು ಸಲ ಹೊಟ್ಟೆ ಹೋಗಲೇಬೇಕು, ಅಷ್ಟು ಕೊಡು ಅಂದಳು.

ಅಲ್ಲೇ ಮಲಗಿಸಿಕೊಂಡರು. ಕೆಲವು ದಿನಕ್ಕೆ ಅವರು ನನ್ನ ಕಡೆ ತಿರುಗಿ, "ನಾನು ಅಜ್ಜನಿಗೆ ಎದೆ ಕೊಟ್ಟೆನಾ?" ಅಂತ ಕೇಳಿದರು.

"ಕೊಟ್ರಿ."

ಗೋಡೆ ಕಡೆ ತಿರುಗಿ ಮಲಗಿದರು.

ಮನೆಗೆ ಕಳಿಸುವ ಮುಂಚೆ ಡಾಕ್ಟರು ಪರೀಕ್ಷೆ ಮಾಡಿದಳು. "ನೂರರಲ್ಲಿ ಏಳು ಕಳೀರಿ. ಉಳಿದಿದ್ದರಲ್ಲಿ ಮತ್ತೆ ಏಳು ಕಳೀರಿ. ಹಾಗೇ ಹೋಗ್ತಾ ಇರಿ."

"ಅಮ್ಮಾ, ಲಿವರ್ ಚೆನ್ನಾಗಿದ್ದಾಗ್ಲೂ ನಂಗೆ ಅದು ಬರ್ತಿರಲಿಲ್ಲ."

ಅವಳು ನಕ್ಕಳು. ನಾನು ಹೇಳಿದೆ, "ಮೂಳೆ ಕೇಳಿ ಡಾಕ್ಟ್ರೇ. ಅದು ತಪ್ಪಿದ್ರೆ ತಲೆ ತಪ್ಪಿದೆ ಅಂತ." ಅವಳೂ ನಮ್ಮ ಕಣಿವೆಯ ಹುಡುಗಿಯೇ. ತನ್ನ ಮನೆಯವರನ್ನೆಲ್ಲ ಸಾಲಾಗಿ ಕೂರಿಸಿದಂತೆ ಹೇಳುತ್ತ ಹೋದಳು: ಅಜ್ಜ, ಅಜ್ಜನ ತಂಗಿ, ದೊಡ್ಡಪ್ಪ, ಇಬ್ಬರು ಅಳಿಯಂದಿರು. ಅವರು ಒಬ್ಬೊಬ್ಬರಿಗೂ ಸಲ್ಲುವುದನ್ನು ಹೇಳಿದರು. "ನಂಗೆ?" ಅಂದಳು. "ನಿಂಗೆ ಮದುವೆ ಆಗಿದೆಯಾ?" "ಇಲ್ಲ." "ಹಂಗಾದ್ರೆ ಪಕ್ಕೆಲುಬು ಕಡೀತಾ ಸುಮ್ನಿರು." ಮನೆಗೆ ಹೋಗಬಹುದು ಅಂತ ಬರೆದುಕೊಟ್ಟಳು.

ಅಂದಿನಿಂದ ದಿನಾ ಬೆಳಿಗ್ಗೆ ಚಹಾದ ಜೊತೆ ಯಾರಿಗೆ ಯಾವ ಮೂಳೆ ಅಂತ ನಾನು ಕೇಳುತ್ತಿದ್ದೆ. ತಡವರಿಸಿದರೆ ಸಿರಪ್ ಹೆಚ್ಚು ಕೊಡುತ್ತಿದ್ದೆ. ಹೊಟ್ಟೆ ಹೋದರೆ ಬುದ್ಧಿ ಬರುತ್ತಿತ್ತು. ನಗಬೇಡಿ, ಹಾಗೇ ಇತ್ತು.

ಆದರೆ ಊರ ಬಾಯಿಗೆ ಮುಚ್ಚಳ ಎಲ್ಲಿದೆ? ಜುಮಾಕದಿರ್ ವೋಡ್ಕಾ ಕುಡಿದು ಲಿವರ್ ಸುಟ್ಟುಕೊಂಡ, ಹಿರಿಯರ ಮರ್ಯಾದೆ ತೆಗೆದ. ಇದೇ ಮಾತು. ಯಾರೂ ಊಟಕ್ಕೆ ಕತ್ತಿ ಹಿಡಿಯಲು ಕರೆಯಲಿಲ್ಲ. ಬರೀ ಊಟಕ್ಕೆ ಕರೆದರೂ ಮೂಲೆಯಲ್ಲಿ ಕೂರಿಸಿ, ಬೇರೆ ಬಟ್ಟಲು ಕೊಟ್ಟು ಕಳಿಸುತ್ತಿದ್ದರು. ಅವರೇ ಹೋಗುವುದನ್ನು ಬಿಟ್ಟರು.

ಈ ಹೊತ್ತಿನಲ್ಲೇ ನಮ್ಮ ಮಗಳು ನಾಜಿಕಳನ್ನು ಕೇಳಿಕೊಂಡು ಕೊಚ್ಕೋರಿನ ಕಡೆಯಿಂದ ಬೀಗರು ಬರುತ್ತೇವೆ ಅಂದರು. ಹುಡುಗನೂ ಹುಡುಗಿಯೂ ಒಪ್ಪಿ ಆಗಿತ್ತು, ಹಿರಿಯರು ಕೂರುವುದೊಂದೇ ಬಾಕಿ. ಆ ದಿನ ಹುಡುಗಿಯ ಅಪ್ಪ ಕುರಿ ಕಡಿದು, ಈಲಿಯನ್ನೂ ಬಾಲದ ಕೊಬ್ಬನ್ನೂ ತೆಳ್ಳಗೆ ಕೊಯ್ದು ಬೀಗರ ಮುಂದಿಡುತ್ತಾನೆ. ಒಬ್ಬರಿಗೊಬ್ಬರು ತಿನ್ನಿಸುತ್ತಾರೆ. ಅದು ಗಂಟಲಿಳಿದರೆ ಸಂಬಂಧ ಕುದುರಿತು; ಆಮೇಲೆ ಯಾರೂ ಮಾತು ತಪ್ಪುವ ಹಾಗಿಲ್ಲ. ಆಮೇಲೆ ಮೂಳೆ ಹಂಚುವುದು, ಅದೂ ಹುಡುಗಿಯ ಅಪ್ಪನದೇ ಕೆಲಸ.

ದೊಡ್ಡ ಭಾವ ಮುಂಚಿತವಾಗಿ ಮನೆಗೆ ಬಂದರು. ಉಪ್ಪಿಲ್ಲದ ಚಹಾವನ್ನು ಮುಟ್ಟದೆ ಪಕ್ಕಕ್ಕಿಟ್ಟರು.

"ನಾನು ಕತ್ತಿ ಹಿಡೀತೀನಿ. ಅವನು ಹಿಂದಿನ ಕೋಣೇಲಿ ಇರ್ಲಿ."

"ಬೀಗರು ಅಪ್ಪ ಎಲ್ಲಿ ಅಂದ್ರೆ?"

"ಮೇಲೆ ಜಾಯ್ಲೋ ಹುಲ್ಲುಗಾವಲಲ್ಲಿ ಮಂದೆ ಕಾಯ್ತಿದಾನೆ ಅಂತೀವಿ."

"ಜಾಯ್ಲೋದಿಂದ ಮಂದೆ ಇಳಿದು ತಿಂಗಳಾಯ್ತು. ಬೆಟ್ಟದ ಮೇಲೆ ಈಗ ತೋಳ ಬಿಟ್ರೆ ಯಾರಿದಾರೆ ಭಾವ? ತೋಳದ ಜೊತೆ ಊಟಕ್ಕೆ ಹೋಗಿದಾನೆ ಅಂತ ಹೇಳ್ತೀರಾ?"

"ನಿನ್ನ ನಾಲಿಗೆ ಉದ್ದ ಅನಿಪಾ. ನಿನ್ನ ಮಗಳ ಒಳ್ಳೇದಕ್ಕೆ ಹೇಳ್ತಿದೀನಿ. ಆ ಹಳದಿ ಮುಖ ನೋಡಿ ಯಾವ ಬೀಗ ಕೂತ್ಕೋತಾನೆ? ಕೂತ್ರೂ, ಅಲ್ಲಿ ಮತ್ತೆ ಸೊಸೆಗೆ ಸೊಂಟದ ಮೂಳೆ ಕೊಟ್ರೆ?"

ನಾಜಿಕ್ ಒಲೆಯ ಹತ್ತಿರ ಹಿಟ್ಟು ನಾದುತ್ತಿದ್ದಳು. ತಿರುಗದೆಯೇ ಅಂದಳು, "ಅಪ್ಪ ಒಳಗೆ ಕೂತ್ರೆ ನಾನೂ ಅವರ ಪಕ್ಕ ಒಳಗೇ ಕೂತ್ಕೋತೀನಿ. ಬೀಗರು ದೊಡ್ಡಪ್ಪನ್ನೇ ಸೊಸೆ ಮಾಡ್ಕೊಂಡು ಹೋಗ್ಲಿ."

ಭಾವ ಹೋದ ಮೇಲೆ ನಮ್ಮನೆಯವರೇ ಬಾಯಿ ಬಿಟ್ಟರು. "ಅಣ್ಣ ಹೇಳೋದ್ರಲ್ಲಿ ತಪ್ಪೇನಿದೆ? ನಡುವೆ ತಲೆ ಕೈ ಕೊಟ್ರೆ?"

"ಕೊಡ್ಲಿ. ತಲೆ ಕೈ ಕೊಟ್ಟ ಅಪ್ಪ ಅಂತ ಗೊತ್ತಾಗ್ಲಿ. ಅಪ್ಪನೇ ಇಲ್ಲ ಅಂತ ಸುಳ್ಳು ಹೇಳೋದಕ್ಕಿಂತ ವಾಸಿ."

"ಹುಡುಗಿ ಮದುವೆ ಮುರಿದು ಬಿದ್ರೆ?"

ನಾನು ಒಲೆಗೆ ಸಗಣಿ ಬೆರಣಿ ತುರುಕಿದೆ.

ಬೀಗರು ಎರಡು ಕಾರಿನಲ್ಲಿ ಬಂದರು. ಹುಡುಗನ ಅಪ್ಪ ತುರ್ಗುನ್, ಲಾರಿ ಓಡಿಸುವವರು, ಸ್ವಲ್ಪ ಕೂಗಿ ಮಾತಾಡುವ ಅಭ್ಯಾಸ. ತಾಯಿ ಸಾಲಿಮಾ, ಬಿಳಿ ತಲೆವಸ್ತ್ರ, ಎಲ್ಲವನ್ನೂ ಅಳೆಯುವ ಕಣ್ಣು. ಜೊತೆಗೆ ಹುಡುಗನ ಅಜ್ಜ, ಅಜ್ಜನ ತಮ್ಮ. ನಮ್ಮ ಕಡೆ ದೊಡ್ಡ ಭಾವ, ವಾರಗಿತ್ತಿ. ನಾನು ಯಾರನ್ನೂ ಕೇಳದೆ ಬೆರ್ದಿಕುಲ್ ಅಜ್ಜನಿಗೂ ಹೇಳಿಕಳಿಸಿದ್ದೆ. ಎದೆ ಮಾಂಸದ ಸಿಟ್ಟು ಇನ್ನೂ ಇತ್ತು, ಆದರೂ ಬಂದರು. ಕುರಿ ಕಡಿದ ಮನೆಗೆ ಬರದೆ ಇರುವ ಮುದುಕ ನಮ್ಮಲ್ಲಿ ಹುಟ್ಟಿಲ್ಲ. ನಮ್ಮನೆಯವರು ಬೂದು ಕೋಟು ಹಾಕಿಕೊಂಡು, ಬೆಳಕಿನ ಕಡೆಗೇ ಮುಖ ಮಾಡಿ ಕೂತರು. ನಾನೇ ಹಾಗೆ ಕೂರಿಸಿದ್ದೆ. ಹಳದಿ ಎಷ್ಟಿದೆಯೋ ಅಷ್ಟೂ ಕಾಣಲಿ ಅಂತ.

ಈಲಿ, ಕೊಬ್ಬು ತಟ್ಟೆಯಲ್ಲಿ ಬಂತು. ನಾನು ಇಡೀ ಕುರಿಯನ್ನು ಉಪ್ಪಿಲ್ಲದೆ ಬೇಯಿಸಿದ್ದೆ. ಈಲಿಯ ಮೇಲೆ ಉಪ್ಪಿನ ಸಾರು ಬಿಡುವುದು ರೂಢಿ, ಅದನ್ನೂ ಬಿಟ್ಟಿರಲಿಲ್ಲ. ಬೀಗರ ಕೈಯಿಂದ ನಮ್ಮನೆಯವರು ತಿನ್ನಲೇಬೇಕಾದ ತುತ್ತು ಅದು. ಅವರಿಗೆ ಬೇರೆ ತಟ್ಟೆ ಇಡಲು ನಾನು ತಯಾರಿರಲಿಲ್ಲ.

ಕತ್ತಿಯನ್ನು ಮೊದಲೇ ತಮ್ಮ ಹತ್ತಿರ ಇಟ್ಟುಕೊಂಡಿದ್ದ ದೊಡ್ಡ ಭಾವ ಈಲಿಯ ಒಂದು ಚೂರು ಎತ್ತಿ ಸಾಲಿಮಾಳ ಕೈಗೆ ಕೊಟ್ಟರು. ಅವಳು ತುಟಿಗೆ ಮುಟ್ಟಿಸಿ ಕೈ ತಡೆದಳು.

"ಉಪ್ಪು ಮರೆತಿದೀರಾ?"

"ಹೆಂಗಸರು ಗಡಿಬಿಡೀಲಿ..." ಅಂತ ಭಾವ ಶುರು ಮಾಡಿದರು.

"ಮರೆತಿಲ್ಲ, ಹಾಕಿಲ್ಲ" ಅಂದೆ ನಾನು. "ಬೀಗಿತ್ತೀ, ಅದನ್ನ ಈಗ್ಲೇ ನುಂಗಬೇಡಿ. ತಟ್ಟೇಲಿಡಿ. ನಾನು ಹೇಳೋದು ಕೇಳಿ, ಆಮೇಲೆ ಬೇಕಾದ್ರೆ ನುಂಗಿ."

ಭಾವ ನನ್ನ ಕಡೆ ನೋಡಿದ ನೋಟಕ್ಕೆ ಒಲೆ ಆರಬೇಕಿತ್ತು. ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಮತ್ತೆ ಶುರುಮಾಡುವ ಧೈರ್ಯ ಬರುತ್ತಿರಲಿಲ್ಲ. ನನ್ನ ಗಂಡನ ಲಿವರ್ ಕೆಟ್ಟಿದೆ ಅಂದೆ. ಉಪ್ಪು ತಿಂದರೆ ಹೊಟ್ಟೆಯಲ್ಲಿ ನೀರು ತುಂಬುತ್ತೆ. ಒಮ್ಮೊಮ್ಮೆ ತಲೆಗೆ ಏರುತ್ತೆ, ಆಗ ಜನರ ಗುರುತು ತಪ್ಪುತ್ತೆ, ಈ ಊರಿನವರೆಲ್ಲ ಅದನ್ನು ನೋಡಿದಾರೆ, ಇಗೋ ಈ ಅಜ್ಜನಿಗೆ ಎದೆ ಮಾಂಸ ಕೊಟ್ಟಿದ್ರು. ಇವರನ್ನ ಹಿಂದಿನ ಕೋಣೇಲಿ ಮುಚ್ಚಿಡಿ ಅಂತ ನಂಗೆ ಹೇಳಿದ್ರು. ನಾನು ಮುಚ್ಚಿಟ್ಟಿಲ್ಲ. ಇಲ್ಲೇ ಕೂತಿದಾರೆ, ಚೆನ್ನಾಗಿ ನೋಡಿ.

ತುರ್ಗುನ್ ಮೀಸೆ ಸವರಿಕೊಂಡರು. ಆಮೇಲೆ ಲಾರಿಯ ಇಂಜಿನ್ ವಿಚಾರಿಸುವ ಹಾಗೆ ವಿಚಾರಿಸಿದರು.

"ಕುಡೀತಾರಾ?"

"ಇಲ್ಲ."

"ಕುಡೀತಿದ್ರಾ?"

"ಇಲ್ಲ. ಇವರಪ್ಪ ಕುಡೀತಿದ್ರು. ಅದನ್ನ ನೋಡಿ ಇವರು ಮುಟ್ಟಲಿಲ್ಲ."

"ಅಂಟುತ್ತಾ?"

"ಬಟ್ಟಲಿಂದ ಅಂಟಲ್ಲ. ರಕ್ತದಿಂದ ಬರೋದು. ನನ್ನ ರಕ್ತ, ಹುಡುಗಿ ರಕ್ತ ಎರಡೂ ಪರೀಕ್ಷೆ ಆಗಿದೆ. ನಮಗಿಲ್ಲ. ನಂಬಿಕೆ ಇಲ್ದಿದ್ರೆ ನೀವೇ ಕರ್ಕೊಂಡು ಹೋಗಿ ಮತ್ತೆ ಮಾಡಿಸಿ."

"ಇನ್ನೆಷ್ಟು ದಿನ ಅಂತೆ?"

ವಾರಗಿತ್ತಿ "ಅಯ್ಯೋ" ಅಂತ ಬಾಯಿ ಮುಚ್ಚಿಕೊಂಡಳು. ಅದಕ್ಕೆ ನಮ್ಮನೆಯವರೇ ಉತ್ತರ ಕೊಟ್ಟರು.

"ಬೀಗ್ರೇ, ನಿಮ್ಮ ಲಾರಿ ಇನ್ನೆಷ್ಟು ದಿನ ಓಡುತ್ತೆ ಅಂತ ನಿಮಗೆ ಗೊತ್ತಾ? ಮದುವೆ ಊಟಕ್ಕೆ ಇರ್ತೀನಿ. ಆಮೇಲಿಂದು ಆಮೇಲೆ."

ಸಾಲಿಮಾ ನಮ್ಮನೆಯವರ ಮುಖವನ್ನೇ ನೋಡುತ್ತಿದ್ದಳು. ನಾನು ಬಾಗಿಲ ಹತ್ತಿರ ನಿಂತಿದ್ದ ನಾಜಿಕಳನ್ನು ನೋಡಲಿಲ್ಲ. ಮಗಳ ಸಂಬಂಧ ನನ್ನ ಬಾಯಿಯಿಂದ ಮುರಿದರೆ ಜನ್ಮ ಪೂರ್ತಿ ಅವಳ ಕಣ್ಣಿಗೆ ಕಣ್ಣು ಕೊಡಲಾರೆ ಅನ್ನಿಸಿತು. ಆದರೂ ಆಡಿದ ಮಾತನ್ನು ವಾಪಸ್ಸು ತೆಗೆದುಕೊಳ್ಳಬೇಕು ಅಂತ ಮಾತ್ರ ಅನ್ನಿಸಲಿಲ್ಲ.

ಸಾಲಿಮಾ ತಟ್ಟೆಯಲ್ಲಿಟ್ಟಿದ್ದ ಈಲಿಯ ಚೂರನ್ನು ಎತ್ತಿಕೊಂಡಳು. ಅದರ ಮೇಲೆ ಕೊಬ್ಬಿನ ಚೂರು ಇಟ್ಟಳು. ಬಾಯಿಗೆ ಹಾಕಿಕೊಂಡು, ಅಗಿದು, ನುಂಗಿದಳು.

"ಇಷ್ಟು ಸಪ್ಪೆ ಈಲಿ ನಾನು ಜನ್ಮದಲ್ಲಿ ತಿಂದಿಲ್ಲ" ಅಂದಳು. ಆಮೇಲೆ ಇನ್ನೊಂದು ಚೂರು ಎತ್ತಿ, ಎದ್ದು ಬಂದು, ನಮ್ಮನೆಯವರ ಬಾಯಿಗೆ ತನ್ನ ಕೈಯಾರೆ ಇಟ್ಟಳು. ಅವಳ ಬೆರಳು ಅವರ ತುಟಿಗೆ ತಾಗಿತು. ಆ ಬೆರಳನ್ನು ಒರೆಸಿಕೊಳ್ಳಲಿಲ್ಲ. ನಾನು ನೋಡುತ್ತಲೇ ಇದ್ದೆ, ಒರೆಸಿಕೊಳ್ಳಲಿಲ್ಲ. ಹಿಂದೆಯೇ ತುರ್ಗುನ್ ತಿಂದರು, "ಸಪ್ಪೆ ಅಂದ್ರೆ ಸಪ್ಪೆ" ಅಂತ ಕೂಗಿ ಹೇಳಿ, "ಮೂಳೆ ತರಿಸಿ, ಹಸಿವಾಗಿದೆ. ಹುಡುಗಿ ಅಪ್ಪನ ಕೈಗೆ ಕತ್ತಿ ಕೊಡಿ" ಅಂದರು.

ದೊಡ್ಡ ಭಾವನ ಕೈಯಲ್ಲಿತ್ತು ಕತ್ತಿ. ಹಿಡಿಯನ್ನು ಮುಂದೆ ಮಾಡಿ ಕೊಡಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಕೊಟ್ಟರು.

ಕುರಿಗೆ ಸೊಂಟದ ಮೂಳೆ ಎರಡು. ಕೂತ ಮುದುಕರು ಮೂವರು. ಒಂದು ಹುಡುಗನ ಅಜ್ಜನಿಗೆ ಹೋಯಿತು, ಅದರಲ್ಲಿ ತಕರಾರಿಲ್ಲ. ಎರಡನೆಯದನ್ನು ಕೈಗೆತ್ತಿಕೊಂಡು ನಮ್ಮನೆಯವರು ನಿಂತುಬಿಟ್ಟರು. ಅತ್ತ ಅಜ್ಜನ ತಮ್ಮ, ಇತ್ತ ಬೆರ್ದಿಕುಲ್ ಅಜ್ಜ. ಮೂಳೆ ಗಾಳಿಯಲ್ಲೇ ಇತ್ತು. ಕತ್ತಿ ಕಿತ್ತುಕೊಳ್ಳಲು ಭಾವನ ಕೈ ಮೇಲೆದ್ದಿತ್ತು. ನಾನು ಬಾಯಲ್ಲಿ ಹೇಳಿಕೊಡಬಹುದಿತ್ತು. ಹೇಳಲಿಲ್ಲ. ತಪ್ಪಿದರೆ ಅದು ಅವರ ತಪ್ಪೇ ಆಗಲಿ, ನನ್ನ ಸರಿ ಅವರ ಕೈಯಲ್ಲಿ ಬೇಡ.

"ತಾವು ಯಾವ ವರ್ಷದವರು?" ಅಂತ ಅಜ್ಜನ ತಮ್ಮನನ್ನು ಕೇಳಿದರು. ನಮ್ಮಲ್ಲಿ ಒಂದೊಂದು ವರ್ಷಕ್ಕೂ ಒಂದೊಂದು ಪ್ರಾಣಿಯ ಹೆಸರು.

"ಮೊಲದ ವರ್ಷ."

"ನಮ್ಮ ಅಜ್ಜ ಹುಲಿ ವರ್ಷದವರು, ನಿಮಗಿಂತ ಒಂದು ವರ್ಷ ದೊಡ್ಡವರು. ವಯಸ್ಸು ನೋಡಿದ್ರೆ ಇದು ಅವರದು. ನೀವು ಅತಿಥಿ, ಅದನ್ನ ನೋಡಿದ್ರೆ ನಿಮ್ಮದು. ನೀವು ಹೇಳಿದ ಹಾಗೆ."

ಆ ಮುದುಕ ಗಡ್ಡದಲ್ಲೇ ನಕ್ಕರು. "ಹುಲಿ ಮುಂದಿನ ಮೂಳೆಗೆ ಮೊಲ ಬಾಯಿ ಹಾಕುತ್ತಾ? ಕೊಡಪ್ಪ ಅವರಿಗೇ. ನಂಗೆ ತೊಡೆ ಸಾಕು."

ಕೂತವರೆಲ್ಲ ಒಟ್ಟಿಗೆ ನಕ್ಕರು. ಅವರು ಗೊಂದಲಕ್ಕೆ ನಿಂತದ್ದಲ್ಲ, ಯೋಚನೆಗೆ ನಿಂತದ್ದು ಅಂತ ಎಲ್ಲರಿಗೂ ಗೊತ್ತಾಯಿತು. ಬೆರ್ದಿಕುಲ್ ಅಜ್ಜ ತನ್ನ ಸೊಂಟದ ಮೂಳೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಒಂದು ತುಂಡು ಹರಿದು, "ನಿಜ ಹೇಳ್ಬೇಕಂದ್ರೆ ಆ ಎದೆ ಮಾಂಸಾನೇ ಮೆತ್ತಗಿತ್ತು" ಅಂದರು.

ಉಳಿದ ಮೂಳೆಗಳೆಲ್ಲ ಸಲ್ಲಬೇಕಾದವರಿಗೆ ಸಂದವು. ದೊಡ್ಡ ಭಾವನ ಪಾಲಿನ ತೊಡೆಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಭಾವ ತೆಗೆದುಕೊಂಡರು. ಉಪ್ಪಿಲ್ಲ ಅಂತ ಬೈದುಕೊಂಡೇ ತಿಂದರು, ಆದರೆ ಮೂಳೆ ಬಿಳಿ ಮಾಡಿ ಇಟ್ಟರು.

ಬೀಗರನ್ನು ಕಳಿಸುವಾಗ ಗಾಳಿ ಎದ್ದಿತ್ತು. ಗಂಡಸರು ಕಾರಿನ ಹತ್ತಿರ ನಿಂತು ಮುಂದಿನ ಮಾತು ಆಡುತ್ತಿದ್ದರು. ಸಾಲಿಮಾ ನನ್ನ ತೋಳು ಹಿಡಿದು ಕೊಟ್ಟಿಗೆಯ ಮರೆಗೆ ಎಳೆದುಕೊಂಡು ಹೋದಳು. ಬೈಯುತ್ತಾಳೇನೋ ಅಂದುಕೊಂಡು ನಾನೂ ತಯಾರಾಗಿ ನಿಂತೆ.

"ನಿಮ್ಮವರನ್ನ ನೋಡೋ ಡಾಕ್ಟ್ರು ಯಾವ ವಾರ ಸಿಗ್ತಾರೆ?"

"ಯಾರಿಗೆ ಬೀಗಿತ್ತೀ?"

ಅವಳು ತಲೆವಸ್ತ್ರ ಬಿಚ್ಚಿ ಮತ್ತೆ ಕಟ್ಟಿಕೊಂಡಳು. "ನನ್ನ ತಮ್ಮನಿಗೆ. ಕಣ್ಣು ಹಳದಿಯಾಗಿದೆ, ಹೊಟ್ಟೆ ಬಂದ್ಬಿಟ್ಟಿದೆ. ಮನೆಯಿಂದ ಹೊರಗೆ ಬಿಡ್ತಿಲ್ಲ ನಾವು. ಕುದುರೆಯಿಂದ ಬಿದ್ದ ಅಂತ ಊರಿಗೆ ಹೇಳಿದೀವಿ."

"ಕುದುರೆಯಿಂದ ಬಿದ್ರೆ ಕಣ್ಣು ಹಳದಿಯಾಗುತ್ತಾ?"

"ಅದನ್ನ ಯಾರೂ ಕೇಳಲಿಲ್ಲ" ಅಂದಳು. ಅಷ್ಟು ಅಳೆದು ನೋಡುವ ಆ ಕಣ್ಣು ಈಗ ನೆಲ ನೋಡುತ್ತಿತ್ತು. "ಆಸ್ಪತ್ರೇಲಿ ಈ ಕಾಯಿಲೆ ವಾರ್ಡಿಗೆ ಹಿಂದಗಡೆ ಒಂದು ಗೇಟಿದೆಯಂತಲ್ಲ. ಯಾರಿಗೂ ಕಾಣ್ದಂಗೆ ಹೋಗಿಬರಬಹುದು ಅಂತಾರೆ."

"ಇದೆ. ಎಲ್ಲರೂ ಅಲ್ಲಿಂದಾನೇ ನುಸೀತಾರೆ. ನಾವು ಮಾತ್ರ ಅದರಲ್ಲಿ ಹೋಗಿಲ್ಲ, ನೀವೂ ಹೋಗ್ಬೇಡಿ. ಸೋಮವಾರ ತಮ್ಮನ್ನ ಕರ್ಕೊಂಡು ಬನ್ನಿ. ಮುಂದಿನ ಬಾಗಿಲಲ್ಲಿ ನಾವಿಬ್ಬರೂ ನಿಂತಿರ್ತೀವಿ. ಯಾರು ನೋಡ್ತಾರೋ ನೋಡ್ಲಿ."

ಸೋಮವಾರ ಅವಳು ಬಂದಳು. ತಮ್ಮನ ತಲೆಯ ಮೇಲೆ ಶಾಲು ಹೊದೆಸಿ ಕಾರಿನಿಂದ ಇಳಿಸಿದಳು. ನಮ್ಮನೆಯವರು ಹೋಗಿ ಆ ಶಾಲು ತೆಗೆದು, ಮಡಚಿ ಅವಳ ಕೈಗೆ ಕೊಟ್ಟು, ಅವನ ಹೆಗಲ ಮೇಲೆ ಕೈ ಹಾಕಿ ಮುಂದಿನ ಬಾಗಿಲ ಮೆಟ್ಟಿಲು ಹತ್ತಿದರು.